ಅಡ್ವೆಂಚರ್ ಬೈಕಿನ ಹಿಂದಿನ ಶಾಕ್ ಬದಲಾವಣೆ: ಮಲೆನಾಡಿನ ಮನೆಯಂಗಳಕ್ಕೊಂದು ಸಮಗ್ರ ಮಾರ್ಗದರ್ಶಿ

ಹಿಂದಿನ ಮೋನೋಶಾಕ್ (ಹಿಂಬದಿಯ ಒಂಟಿ ಶಾಕ್ ಅಬ್ಸಾರ್ಬರ್) ಬಿಚ್ಚಿ ಹೊಸದು ಕೂರಿಸಲು ನಾಲ್ಕೈದು ಬೋಲ್ಟ್ ಸಡಿಲಿಸಿದರೆ ಸಾಕು. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎರಡು ಮಳೆಗಾಲ ಓಡಿದ ಬೈಕಿನಲ್ಲಿ ಎಷ್ಟೋ ಸಲ ಶಾಕ್‌ಗಿಂತ ಮೊದಲು ಹಾಳಾಗುವುದು ಅದರ ಬುಡದ ಲಿಂಕೇಜಿನ, ಅಂದರೆ ಶಾಕನ್ನು ಹಿಂದಿನ ಚಕ್ರದ ತೋಳಿಗೆ ಜೋಡಿಸುವ ಸನ್ನೆಪಟ್ಟಿಗಳ, ಬೇರಿಂಗುಗಳು. ಅವನ್ನು ನೋಡದೆ ದುಬಾರಿ ಶಾಕ್ ಹಾಕಿದರೆ ದುಡ್ಡು ಹೋಗುತ್ತದೆ, ಬೈಕ್ ಮಾತ್ರ ಮೊದಲಿನ ಹಾಗೇ ಕುಟ್ಟುತ್ತದೆ. ಹಾಗಾಗಿ ಇಲ್ಲಿ ಶಾಕ್‌ನಷ್ಟೇ ಜಾಗ ಲಿಂಕೇಜಿಗೂ ಇದೆ.

ಲಿಂಕೇಜ್ ಇರುವುದು ಹಿಂದಿನ ಚಕ್ರದ ಮುಂದುಗಡೆ, ಸ್ವಿಂಗ್ ಆರ್ಮ್‌ನ (ಹಿಂದಿನ ಚಕ್ರ ಹಿಡಿದಿರುವ ತೋಳಿನ) ಕೆಳಗೆ. ಚಕ್ರ ಎರಚುವ ಜಂಬಿಟ್ಟಿಗೆ ಮಣ್ಣಿನ ಕೆಸರು ನೇರ ಅಲ್ಲಿಗೇ ಬಡಿಯುತ್ತದೆ. ಒಳಗಿರುವ ಸೂಜಿ ಬೇರಿಂಗು ಚಕ್ರದ ಬೇರಿಂಗಿನ ಹಾಗೆ ಪೂರ್ತಿ ಸುತ್ತುವುದಿಲ್ಲ, ಕೆಲವೇ ಡಿಗ್ರಿ ಹಿಂದೆ ಮುಂದೆ ಆಡುತ್ತದೆ. ಹಾಗಾಗಿ ಗ್ರೀಸ್ ತಾನಾಗಿ ಹರಡಿಕೊಳ್ಳುವುದಿಲ್ಲ. ನೀರು ಒಳಗೆ ಸೇರಿತೆಂದರೆ ಸೂಜಿಗಳು ನಿಂತಲ್ಲೇ ತುಕ್ಕು ಹಿಡಿಯುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಬಯಲುಸೀಮೆಯ ಬೈಕಿಗೆ ಹೇಳಿದ ಸರ್ವಿಸ್ ಅವಧಿ ನಮ್ಮ ಕಡೆ ನಡೆಯುವುದಿಲ್ಲ. ಈ ಕೆಲಸವನ್ನು ಮೃಗಶಿರಾ ಮಳೆ ಹಿಡಿಯುವ ಮೊದಲೇ, ಅಂದರೆ ಮೇ ಕೊನೆಯೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದು.

ಕೆಟ್ಟಿರುವುದು ಶಾಕ್ಕೋ, ಲಿಂಕೇಜೋ?

ಶಾಕ್‌ನ ಹೊಳೆಯುವ ರಾಡಿನ ಮೇಲೆ ಎಣ್ಣೆ ಜಿನುಗಿ, ಅದಕ್ಕೆ ಧೂಳು ಅಂಟಿ ಕಪ್ಪಾಗಿದ್ದರೆ ಸೀಲ್ ಹೋಗಿದೆ. ಸೀಟನ್ನು ಮೈಭಾರ ಹಾಕಿ ಅದುಮಿ ಕೈಬಿಡಿ. ಒಮ್ಮೆ ಮೇಲೆದ್ದು ನಿಂತರೆ ಡ್ಯಾಂಪಿಂಗ್ (ಕುಣಿತ ತಡೆಯುವ ಶಕ್ತಿ) ಇದೆ. ತೊಟ್ಟಿಲಿನ ಹಾಗೆ ಎರಡು ಮೂರು ಸಲ ತೂಗಿದರೆ ಒಳಗಿನ ಎಣ್ಣೆಯೋ ಗ್ಯಾಸೋ ಕೆಲಸ ನಿಲ್ಲಿಸಿದೆ.

ನಂತರ ಹಿಂದಿನ ಚಕ್ರ ನೆಲ ಬಿಡುವಂತೆ ಬೈಕ್ ನಿಲ್ಲಿಸಿ, ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿ. ಸ್ಪ್ರಿಂಗ್ ಒತ್ತಲು ಶುರುವಾಗುವ ಮೊದಲೇ 'ಟಕ್' ಎಂದು ಆಡಿದರೆ ಲಿಂಕೇಜ್ ಸವೆದಿದೆ. ಅಲ್ಲಿ ಅರ್ಧ ಮಿ.ಮೀ. ಸವೆದಿದ್ದರೂ ಸನ್ನೆಗೋಲಿನ ಲೆಕ್ಕದಲ್ಲಿ ಚಕ್ರದ ಬಳಿ ಅದು ಹಿಗ್ಗಿ ಕಾಣುತ್ತದೆ. ಚಕ್ರವನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದಾಗ ಆಡಿದರೆ ತಪ್ಪು ಸ್ವಿಂಗ್ ಆರ್ಮ್‌ನ ಪಿವಟ್‌ನದ್ದು (ಅದು ಫ್ರೇಮಿಗೆ ಕೂರುವ ಕೀಲಿನದ್ದು), ಇಲ್ಲವೇ ಚಕ್ರದ ಬೇರಿಂಗಿನದ್ದು. ಕೆಟಿಎಂ 390 ಅಡ್ವೆಂಚರ್‌ನಂತೆ ಶಾಕ್ ನೇರವಾಗಿ ಸ್ವಿಂಗ್ ಆರ್ಮ್‌ಗೆ ಕೂರುವ ಬೈಕುಗಳಲ್ಲಿ ಲಿಂಕೇಜೇ ಇಲ್ಲ, ಅಂಥವರಿಗೆ ಕೆಲಸ ಅರ್ಧ ಕಡಿಮೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರಲ್ಲಿ ಲಿಂಕೇಜ್ ಇದೆ.

ಹೊಸ ಶಾಕ್ ಕೊಳ್ಳುವ ಮೊದಲು

ಐದು ಅಳತೆ ಕೂಡಿಬರಬೇಕು: ಮೇಲಿನ ಕಣ್ಣಿನ (ಬೋಲ್ಟ್ ತೂರುವ ತೂತಿನ) ನಡುವಿನಿಂದ ಕೆಳಗಿನ ಕಣ್ಣಿನ ನಡುವಿಗೆ ಉದ್ದ, ಎರಡೂ ಕಣ್ಣುಗಳ ಅಗಲ, ಬೋಲ್ಟಿನ ದಪ್ಪ, ರಾಡ್ ಒಳಹೋಗುವ ಸ್ಟ್ರೋಕ್, ಸ್ಪ್ರಿಂಗಿನ ಗಡಸುತನ. 'ಎಲ್ಲಾ ಬೈಕಿಗೂ ಆಗುತ್ತೆ' ಎಂದು ಮಾರುವ ಶಾಕ್ ಬೇಡವೇ ಬೇಡ. ಶಾಕ್ 5 ಮಿ.ಮೀ. ಉದ್ದವಾದರೆ ಬೈಕಿನ ಹಿಂಭಾಗ ಸುಮಾರು 10ರಿಂದ 15 ಮಿ.ಮೀ. ಏಳುತ್ತದೆ. ಆಗ ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ಬೈಕ್ ಜಾಸ್ತಿ ವಾಲುತ್ತದೆ, ಚೈನ್ ಸ್ವಿಂಗ್ ಆರ್ಮ್‌ನ ರಬ್ಬರಿಗೆ ಉಜ್ಜುತ್ತದೆ, ಹೆಡ್‌ಲೈಟ್ ನೆಲ ನೋಡುತ್ತದೆ. ಸ್ಟ್ರೋಕ್ ಹೆಚ್ಚಿದ್ದರೆ ಇನ್ನೂ ಅಪಾಯ. ದೊಡ್ಡ ಗುಂಡಿಗೆ ಬಿದ್ದಾಗ ಟೈರ್ ಒಳಗಿನ ಮಡ್‌ಗಾರ್ಡಿಗೆ ಬಡಿಯುತ್ತದೆ.

ಎಲ್ಲರೂ ಎಡವುವುದು ಸ್ಪ್ರಿಂಗ್ ವಿಷಯದಲ್ಲಿ. ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರಮಾಣ) ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಪ್ರೀಲೋಡ್ ಬೈಕ್ ನಿಲ್ಲುವ ಎತ್ತರವನ್ನಷ್ಟೇ ಬದಲಿಸುತ್ತದೆ. ಗಡಸುತನ ಇರುವುದು ತಂತಿಯ ದಪ್ಪ, ಸುತ್ತಿನ ಅಗಲ ಮತ್ತು ಸುತ್ತುಗಳ ಸಂಖ್ಯೆಯಲ್ಲಿ. ಮಿಲಿಮೀಟರಿಗೆ ಇಷ್ಟು ನ್ಯೂಟನ್ ಅಥವಾ ಇಷ್ಟು ಕೆ.ಜಿ. ಎಂದು ಅದನ್ನು ಹೇಳುತ್ತಾರೆ, 1 ಕೆ.ಜಿ. ಅಂದರೆ ಸುಮಾರು 9.8 ನ್ಯೂಟನ್. ಆರ್ಡರ್ ಕೊಡುವಾಗ ಜಾಕೆಟ್, ಬೂಟು, ಹೆಲ್ಮೆಟ್ ಸೇರಿಸಿ ನಿಮ್ಮ ತೂಕ, ಹಿಂದೆ ಕೂರುವವರ ತೂಕ, ಡಬ್ಬಿ ಸಾಮಾನಿನ ತೂಕ ಮೂರನ್ನೂ ಬೇರೆ ಬೇರೆಯಾಗಿ, ಮುಚ್ಚುಮರೆಯಿಲ್ಲದೆ ಹೇಳಿ. ವಾರಕ್ಕೊಮ್ಮೆ ಅಡಿಕೆ ಚೀಲ ಹೇರುವವರಿದ್ದರೆ ಅದನ್ನೂ ಹೇಳಬೇಕು.

ಸಾಮಾನು

12ರಿಂದ 19ರವರೆಗಿನ ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್, ಆಕ್ಸಲ್ (ಚಕ್ರದ ಅಚ್ಚು) ನಟ್‌ಗೆ ತಕ್ಕ ದೊಡ್ಡ ಸಾಕೆಟ್, ಅಲೆನ್ ಕೀ ಸೆಟ್, ಟಾರ್ಕ್ ರೆಂಚ್ (ಬೋಲ್ಟಿನ ಬಿಗಿ ಅಳೆಯುವ ಸ್ಪ್ಯಾನರ್), ಪ್ರೀಲೋಡ್ ಉಂಗುರಕ್ಕೆ ಸಿ ಸ್ಪ್ಯಾನರ್, ರಬ್ಬರ್ ಸುತ್ತಿಗೆ, ಬೆರಳು ದಪ್ಪದ ಹಿತ್ತಾಳೆ ಕಡ್ಡಿ, ವರ್ನಿಯರ್, ಟೇಪು, ತುಕ್ಕು ಬಿಡಿಸುವ ಸ್ಪ್ರೇ, ಒಂದು ಲೀಟರ್ ಡೀಸೆಲ್, ನೀಲಿ ಬಣ್ಣದ ಮಧ್ಯಮ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು). ನೀರಿಗೆ ಜಗ್ಗದ ಗ್ರೀಸ್ ಬೇಕು; ಲಿಂಕೇಜ್, ಪಿವಟ್ ಎಲ್ಲಕ್ಕೂ ಸೇರಿ 50 ಗ್ರಾಂ ಸಾಕಾಗುತ್ತದೆ. ಹಳೆಯ ಗ್ರೀಸಿನ ಮೇಲೆ ಬೇರೆ ಜಾತಿಯದ್ದು ತುಂಬಬೇಡಿ. ಕೆಲವು ಗ್ರೀಸುಗಳು ಒಂದಕ್ಕೊಂದು ಸೇರಿದರೆ ನೀರಾಗಿ ಹರಿದುಹೋಗುತ್ತವೆ. ಒಳಗೆ ನೈಲಾನ್ ಇರುವ ಲಾಕ್ ನಟ್‌ಗಳನ್ನು ಹೊಸದಾಗಿ ತನ್ನಿ, ಬಿಚ್ಚಿದ್ದನ್ನೇ ಮತ್ತೆ ಹಾಕಬೇಡಿ.

ಬೋಲ್ಟ್ ಇಡಲು ಅಡಿಕೆ ಹಾಳೆಯ ತಟ್ಟೆಗಳೇ ಸಾಕು. ಒಂದೊಂದು ಜಾಗದ ಬೋಲ್ಟ್, ವಾಷರ್, ನಟ್ ಒಂದೊಂದು ತಟ್ಟೆಗೆ ಹಾಕಿ, ತಟ್ಟೆಯ ಅಂಚಿನಲ್ಲಿ 'ಶಾಕ್ ಮೇಲೆ, ತಲೆ ಎಡಕ್ಕೆ' ಎಂದು ಪೆನ್ನಿನಲ್ಲಿ ಬರೆದಿಡಿ. ಬೋಲ್ಟ್ ಯಾವ ಕಡೆಯಿಂದ ತೂರಿತ್ತು ಎಂಬುದು ಮುಖ್ಯ. ಉಲ್ಟಾ ಹಾಕಿದರೆ ಕೆಲವು ಕಡೆ ಅದರ ತುದಿ ಚೈನಿಗೋ ಸೈಲೆನ್ಸರ್ ಪೈಪಿಗೋ ತಾಗುತ್ತದೆ.

ಬೈಕ್ ಎತ್ತಿ ನಿಲ್ಲಿಸುವುದು

ಹಿಂದಿನ ದಿನ ಸಂಜೆಯೇ ಬೈಕ್ ತೊಳೆದು, ಎಲ್ಲ ಬೋಲ್ಟುಗಳಿಗೂ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಮೊದಲ ಸಲ ಮಾಡುವವರಿಗೆ ಐದಾರು ಗಂಟೆ ಬೇಕು, ಜೊತೆಗೆ ಇನ್ನೊಬ್ಬರು ಇರಲೇಬೇಕು.

ಹಿಮಾಲಯನ್ 411ಕ್ಕೆ ಡಬಲ್ ಸ್ಟ್ಯಾಂಡ್ ಇರುವುದು ದೊಡ್ಡ ಅನುಕೂಲ. ಅಂಗಳ ಮಣ್ಣಿನದ್ದಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ, ಇಲ್ಲದಿದ್ದರೆ ಅರ್ಧ ಕೆಲಸದಲ್ಲಿ ಒಂದು ಕಾಲು ಹೂತುಕೊಳ್ಳುತ್ತದೆ. ಮುಂದಿನ ಚಕ್ರವನ್ನು ಗೋಡೆಗೆ ಒತ್ತಿ, ಮುಂದಿನ ಬ್ರೇಕ್ ಲಿವರನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿಯಾಗಿ ಕಟ್ಟಿ.

ಹೀರೋ ಎಕ್ಸ್‌ಪಲ್ಸ್, 390 ಅಡ್ವೆಂಚರ್‌ಗಳಿಗೆ ಡಬಲ್ ಸ್ಟ್ಯಾಂಡ್ ಇಲ್ಲ. ಬ್ಯಾಶ್ ಪ್ಲೇಟ್ (ಇಂಜಿನ್ನಿನ ಕೆಳಗಿನ ರಕ್ಷಣೆಯ ತಗಡು) ತೆಗೆದು ಇಂಜಿನ್ನಿನ ಗಟ್ಟಿ ಭಾಗಕ್ಕೆ ಮರದ ತುಂಡು ಕೊಟ್ಟು ಜಾಕ್ ಹಾಕಬಹುದು. ಎಕ್ಸಾಸ್ಟ್ ಪೈಪ್, ಆಯಿಲ್ ಫಿಲ್ಟರ್ ಮುಚ್ಚಳದ ಮೇಲೆ ಭಾರ ಬೀಳಕೂಡದು. ಜಾಕ್ ಒಂದನ್ನೇ ನಂಬಬೇಡಿ. ಅಟ್ಟದ ಗಟ್ಟಿ ತೊಲೆ ಇರುವ ಕೊಟ್ಟಿಗೆಯಾದರೆ, ತೊಲೆಗೆ ಎರಡು ರ‍್ಯಾಚೆಟ್ ಬೆಲ್ಟ್ ಬಿಗಿದು ಸಬ್‌ಫ್ರೇಮಿನ (ಸೀಟಿನ ಕೆಳಗಿನ ಚೌಕಟ್ಟಿನ) ಎಡ ಬಲ ಎರಡೂ ಕಡೆ ಹಾಕಿ. ಕ್ಯಾರಿಯರಿಗೋ ಇಂಡಿಕೇಟರಿನ ಬುಡಕ್ಕೋ ಕಟ್ಟಬಾರದು. ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ಮೊದಲೇ ತಟ್ಟಿ ನೋಡಿ.

ಎತ್ತಿದ ಮೇಲೆ, ಬಿಚ್ಚುವ ಮೊದಲು ಒಂದು ಅಳತೆ ಬರೆದುಕೊಳ್ಳಿ: ಚಕ್ರ ಪೂರ್ತಿ ಇಳಿಬಿದ್ದಿರುವಾಗ ಆಕ್ಸಲ್ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡಿನಲ್ಲಿ ಗುರುತು ಮಾಡಿದ ಜಾಗಕ್ಕೆ ಎಷ್ಟು ಮಿ.ಮೀ. ಎಂದು.

ಬಿಚ್ಚುವುದು

ಸೀಟು, ಸೈಡ್ ಕವರ್ ತೆಗೆಯಿರಿ. ಶಾಕ್‌ನ ಮೇಲಿನ ಬೋಲ್ಟ್ ಕೈಗೆ ಸಿಗದಿದ್ದರೆ ಬ್ಯಾಟರಿ ಪೆಟ್ಟಿಗೆಯೋ ಟ್ಯಾಂಕೋ ಸರಿಸಬೇಕಾದೀತು. ಬ್ಯಾಟರಿ ಮುಟ್ಟುವುದಾದರೆ ಮೊದಲು ನೆಗೆಟಿವ್ ತಂತಿ ಬಿಚ್ಚಿ. ಹಿಂದಿನ ಚಕ್ರ ತೆಗೆಯುವ ಮುಂಚೆ ಚೈನ್ ಅಡ್ಜಸ್ಟರಿನ ಗೆರೆ ಎಡ ಬಲ ಎರಡೂ ಕಡೆ ಫೋಟೋ ತೆಗೆದುಕೊಳ್ಳಿ. ಕ್ಯಾಲಿಪರ್ (ಡಿಸ್ಕನ್ನು ಅದುಮುವ ಬ್ರೇಕಿನ ಭಾಗ) ಅನ್ನು ಬ್ರೇಕ್ ಪೈಪಿನಲ್ಲಿ ಜೋತುಬಿಡದೆ ದಾರದಿಂದ ಫ್ರೇಮಿಗೆ ಕಟ್ಟಿ. ಡಿಸ್ಕ್ ಇಲ್ಲದಾಗ ಹಿಂದಿನ ಬ್ರೇಕ್ ಒತ್ತಬಾರದು, ಪಿಸ್ಟನ್ ಹೊರಬರುತ್ತದೆ. ಎಬಿಎಸ್ ಸೆನ್ಸರ್ ತಂತಿ ಎಳೆತಕ್ಕೆ ಸಿಗದಂತೆ ಪಕ್ಕಕ್ಕಿಡಿ.

ಇನ್ನು ಈ ಕೆಲಸದ ಗುಟ್ಟು. ಸ್ವಿಂಗ್ ಆರ್ಮ್‌ನ ಕೆಳಗೆ ಸಣ್ಣ ಜಾಕ್ ಇಟ್ಟು ಕೂದಲೆಳೆಯಷ್ಟೇ ಮೇಲೆ ಕೆಳಗೆ ಆಡಿಸುತ್ತಾ ಹೋದರೆ ಒಂದು ಹಂತದಲ್ಲಿ ಶಾಕ್‌ನ ಕೆಳಗಿನ ಬೋಲ್ಟ್ ಬೆರಳಿನಲ್ಲೇ ತಿರುಗುತ್ತದೆ. ಅಲ್ಲಿ ನಿಲ್ಲಿಸಿ. ಭಾರ ಎಲ್ಲೂ ಕೂತಿಲ್ಲ ಎಂದರ್ಥ, ಬೋಲ್ಟ್ ಜಾರಿಕೊಂಡು ಬರುತ್ತದೆ. ಭಾರ ಇರುವಾಗಲೇ ಹೊಡೆದು ತೆಗೆದರೆ ಥ್ರೆಡ್ ಹಾಳಾಗುತ್ತದೆ, ಜೊತೆಗೆ ಸ್ವಿಂಗ್ ಆರ್ಮ್ ಧಡಕ್ಕನೆ ಕೆಳಗೆ ಬೀಳುತ್ತದೆ.

ಮೊದಲು ಕೆಳಗಿನ ಬೋಲ್ಟ್, ಆಮೇಲೆ ಲಿಂಕ್ ಪಟ್ಟಿಯದ್ದು, ಕೊನೆಗೆ ಇನ್ನೊಬ್ಬರು ಶಾಕ್ ಹಿಡಿದುಕೊಂಡಿರುವಾಗ ಮೇಲಿನದು. ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟನ್ನು ಮೊದಲು ತಿರುಗಿಸಿ ಬಿಡಿಸಿ, ಆಮೇಲೆ ತಳ್ಳಿ. ಹೊಡೆಯಲೇಬೇಕೆಂದರೆ ನಟ್ಟನ್ನು ಬೋಲ್ಟಿನ ತುದಿಗೆ ಸಮನಾಗಿ ಹಾಕಿ ಹಿತ್ತಾಳೆ ಕಡ್ಡಿ ಇಟ್ಟು ಹೊಡೆಯಿರಿ. ಶಾಕ್ ಹತ್ತಿರ ಗ್ಯಾಸ್ ಬೆಂಕಿ ಹಿಡಿಯಲೇಬೇಡಿ. ಒಳಗೆ ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತದೆ.

ಲಿಂಕೇಜ್: ಹೆಚ್ಚು ಹೊತ್ತು ಕೊಡಬೇಕಾದ ಜಾಗ

ಬಿಚ್ಚಿದ ಲಿಂಕಿನ ತೂತಿನಲ್ಲಿ ಒಂದು ಉಕ್ಕಿನ ಬುಶ್ (ಒಳಕೊಳವೆ) ಇರುತ್ತದೆ. ಅದನ್ನು ಬೆರಳಿನಿಂದ ಹೊರಕ್ಕೆ ತಳ್ಳಿ. ಒಳ್ಳೆಯ ಸ್ಥಿತಿಯಲ್ಲಿದ್ದರೆ ಗ್ರೀಸಿನ ಹೊಳಪಿನೊಂದಿಗೆ ನಯವಾಗಿ ಜಾರುತ್ತದೆ. ನಮ್ಮ ಕಡೆಯ ಬೈಕುಗಳಲ್ಲಿ ಹೆಚ್ಚಾಗಿ ಕಾಣುವುದು ಬೇರೆಯೇ: ಸೀಲಿನ ತುಟಿಯ ಸುತ್ತ ಕೆಂಪು ಮಣ್ಣಿನ ಗಟ್ಟಿ ಉಂಗುರ, ಒಳಗೆ ಗ್ರೀಸಿನ ಬದಲು ಕಿತ್ತಳೆ ಬಣ್ಣದ ಕೆಸರು, ಬುಶ್ಶಿನ ಒಂದೇ ಮಗ್ಗುಲಲ್ಲಿ ಸೂಜಿಗಳು ಕೊರೆದ ಸಮಾನಾಂತರ ಗೆರೆಗಳು. ಆ ಗೆರೆಗಳ ಮೇಲೆ ಉಗುರು ಆಡಿಸಿ. ಉಗುರು ತಡೆದರೆ ಬುಶ್, ಬೇರಿಂಗ್, ಸೀಲ್ ಮೂರನ್ನೂ ಬದಲಿಸಬೇಕು. ಬೇರಿಂಗ್ ಮಾತ್ರ ಹೊಸದು ಹಾಕಿ ಹಳೆಯ ಬುಶ್ ಉಳಿಸಿದರೆ ಹೊಸ ಸೂಜಿಗಳು ಅದೇ ಗೆರೆಯಲ್ಲಿ ಕೂತು ಬೇಗನೆ ಸವೆಯುತ್ತವೆ.

ಕೆಲವು ಬೇರಿಂಗುಗಳಲ್ಲಿ ಸೂಜಿಗಳನ್ನು ಹಿಡಿಯುವ ಪಂಜರ ಇರುವುದಿಲ್ಲ, ಬುಶ್ ತೆಗೆದ ಕೂಡಲೇ ಉದುರುತ್ತವೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡೇ ತೆಗೆಯಿರಿ, ಎಣಿಸಿ ಬರೆದಿಡಿ. ಒಂದು ಸೂಜಿ ಕಡಿಮೆಯಾದರೂ ಉಳಿದವು ಓರೆಯಾಗಿ ಸಿಕ್ಕಿಕೊಳ್ಳುತ್ತವೆ.

ಚೆನ್ನಾಗಿರುವ ಬೇರಿಂಗನ್ನು ಡೀಸೆಲ್‌ನಲ್ಲಿ ಹಳೆಯ ಟೂತ್ ಬ್ರಷ್‌ನಿಂದ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. ಡೀಸೆಲ್ ಪಸೆ ಉಳಿದರೆ ಹೊಸ ಗ್ರೀಸ್ ತೆಳ್ಳಗಾಗುತ್ತದೆ. ಬದಲಿಸುವುದಾದರೆ, ತೆಗೆಯುವ ಮೊದಲೇ ಬೇರಿಂಗ್ ಅಂಚಿನಿಂದ ಎಷ್ಟು ಒಳಗೆ ಕೂತಿದೆ ಎಂದು ವರ್ನಿಯರಿನಿಂದ ಅಳೆಯಿರಿ. ಹೊಸದೂ ಅಷ್ಟೇ ಒಳಗಿರಬೇಕು, ಇಲ್ಲದಿದ್ದರೆ ಸೀಲಿಗೆ ಜಾಗ ಸಿಗುವುದಿಲ್ಲ. ಬೆಂಚ್ ವೈಸ್ ಇದ್ದರೆ ಬೇರಿಂಗಿಗಿಂತ ಚೂರು ಚಿಕ್ಕ ಸಾಕೆಟ್ ಒಂದು ಕಡೆ, ಬೇರಿಂಗ್ ಹೊರಬಂದು ಒಳಸೇರುವಷ್ಟು ದೊಡ್ಡ ಸಾಕೆಟ್ ಇನ್ನೊಂದು ಕಡೆ ಇಟ್ಟು ಮೆಲ್ಲಗೆ ಬಿಗಿಯುತ್ತಾ ಹೋಗಿ. ಹೊಸ ಬೇರಿಂಗನ್ನು ಒಂದು ಗಂಟೆ ಫ್ರೀಜರಿನಲ್ಲಿಟ್ಟು, ಲಿಂಕನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಂಡರೆ ಸುಲಭವಾಗಿ ಕೂರುತ್ತದೆ. ನಂಬರ್ ಕೆತ್ತಿದ ಮುಖಕ್ಕೇ ಒತ್ತಡ ಕೊಡಬೇಕು, ಆ ಕಡೆಯ ಅಂಚು ಗಟ್ಟಿ. ಸುತ್ತಿಗೆಯಿಂದ ಹೊಡೆದರೆ ಬೇರಿಂಗಿನ ತೆಳು ಕವಚ ಮೊಟ್ಟೆಯಾಕಾರಕ್ಕೆ ಬಂದು ಸೂಜಿಗಳು ಹಿಡಿದುಕೊಳ್ಳುತ್ತವೆ. ವೈಸ್ ಇಲ್ಲದವರು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಲಿಂಕನ್ನಷ್ಟೇ ಒಯ್ಯಿರಿ. ಅಲ್ಲಿ ಇದು ಸಣ್ಣ ಕೆಲಸ.

ಗ್ರೀಸನ್ನು ಮೇಲೆ ಸವರಿದರೆ ಸಾಲದು, ಸೂಜಿಗಳ ನಡುವೆ ಹೋಗುವಂತೆ ಹೆಬ್ಬೆರಳಿನಿಂದ ತಿಕ್ಕಿ ತುಂಬಿ. ಸೀಲಿನ ತುಟಿಗೂ ಹಚ್ಚಿ. ಬುಶ್ ತೂರಿಸಿದಾಗ ಎರಡೂ ಬದಿಯಿಂದ ಹೆಚ್ಚಿನ ಗ್ರೀಸ್ ಹೊರಗೆ ಉಕ್ಕಿದರೆ ಸರಿಯಾಗಿ ತುಂಬಿದೆ.

ಶಾಕ್ ಇನ್ನೂ ಹಾಕಿಲ್ಲದ ಈ ಹೊತ್ತಿನಲ್ಲಿ ಎರಡು ಪರೀಕ್ಷೆ ಸುಲಭ. ಸ್ವಿಂಗ್ ಆರ್ಮ್ ಎತ್ತಿ ಕೈಬಿಟ್ಟರೆ ತನ್ನ ಭಾರಕ್ಕೇ ನಯವಾಗಿ ಇಳಿಯಬೇಕು, ಎಲ್ಲೂ ತಡೆಯಬಾರದು. ಎರಡನೆಯದು ಚೈನ್. ಚಕ್ರ ಹಾಕಿ, ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿವಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವಷ್ಟು ಎತ್ತಿ. ಚೈನ್ ಅತಿ ಬಿಗಿಯಾಗುವುದು ಅಲ್ಲಿಯೇ. ಆಗಲೂ ಸ್ವಲ್ಪ ಸಡಿಲ ಉಳಿದಿರಬೇಕು. ಉಳಿಯದಿದ್ದರೆ ದೊಡ್ಡ ಗುಂಡಿಯಲ್ಲಿ ಸಸ್ಪೆನ್ಷನ್ ಚಲಿಸುವ ಬದಲು ಚೈನ್ ಗೇರ್‌ಬಾಕ್ಸಿನ ಶಾಫ್ಟನ್ನು ಜಗ್ಗುತ್ತದೆ.

ಹೊಸ ಶಾಕ್ ಕೂರಿಸುವುದು

ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಮಲಗಿಸಿ ಬೋಲ್ಟ್ ಎರಡೂ ಕಣ್ಣಿಗೆ ಹೋಗುತ್ತದೆಯೇ ನೋಡಿ. ಜೊತೆಗೆ ಬಂದ ಸ್ಪೇಸರುಗಳು ಎಡ ಬಲಕ್ಕೆ ಬೇರೆ ಬೇರೆ ಅಳತೆಯವೂ ಇರಬಹುದು. ಮೇಲಿನ ಬೋಲ್ಟ್ ಮೊದಲು, ಕೈಬಿಗಿಯಷ್ಟೇ. ಆಮೇಲೆ ಜಾಕ್ ಆಡಿಸಿ ಕೆಳಗಿನ ತೂತು ಹೊಂದಿಸಿ. ಬೋಲ್ಟಿನಿಂದ ಶಾಕನ್ನು ಎಳೆದು ಕೂರಿಸಲು ಹೋಗಬೇಡಿ. ಬೋಲ್ಟಿನ ನಯವಾದ ಮೈಗೆ ಗ್ರೀಸ್, ಥ್ರೆಡ್ಡಿಗೆ ಬೇಡ. ಥ್ರೆಡ್ಡಿಗೆ ಗ್ರೀಸ್ ತಾಗಿದರೆ ಅದೇ ಟಾರ್ಕ್‌ಗೆ ಬೋಲ್ಟ್ ಹೆಚ್ಚು ಜಗ್ಗುತ್ತದೆ. ಲಾಕ್ ನಟ್ ಇಲ್ಲದ ಕಡೆ ಥ್ರೆಡ್ ಲಾಕರ್ ಎರಡು ಹನಿ.

ಟಾರ್ಕ್ ಸಂಖ್ಯೆಯನ್ನು ನಿಮ್ಮ ಬೈಕಿನ ಸರ್ವಿಸ್ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಿ. ಶಾಕ್‌ನ ಕಣ್ಣಿನಲ್ಲಿ ರಬ್ಬರ್ ಬುಶ್ ಇದ್ದರೆ, ಬೈಕನ್ನು ಚಕ್ರದ ಮೇಲೆ ಇಳಿಸಿ ಭಾರ ಕೂತ ಮೇಲೆ ಕೊನೆಯ ಬಿಗಿ ಮಾಡಬೇಕು. ಇಳಿಬಿದ್ದಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಹರಿಯುತ್ತದೆ. ಬಿಗಿ ಮಾಡಿದ ಬೋಲ್ಟಿಗೆಲ್ಲ ಬಿಳಿ ಪೇಂಟಿನ ಗೆರೆ ಎಳೆಯಿರಿ. ಪ್ರತ್ಯೇಕ ರಿಸರ್ವಾಯರ್ (ಎಣ್ಣೆ, ಗ್ಯಾಸಿನ ಹೊರ ಡಬ್ಬಿ) ಇರುವ ಶಾಕ್ ಆದರೆ ಅದರ ಪೈಪ್ ಸೈಲೆನ್ಸರಿನಿಂದ ದೂರ ಇರಬೇಕು, ಯಾವುದೇ ಚೂಪು ಅಂಚಿಗೆ ಉಜ್ಜಬಾರದು.

ಸ್ಯಾಗ್: ಇದನ್ನು ಮಾಡದಿದ್ದರೆ ಶಾಕ್ ಬದಲಿಸಿದ್ದೇ ವ್ಯರ್ಥ

ಸ್ಯಾಗ್ ಎಂದರೆ ಭಾರಕ್ಕೆ ಬೈಕಿನ ಹಿಂಭಾಗ ಎಷ್ಟು ಕುಸಿಯುತ್ತದೆ ಎಂಬುದು. ಮೂರು ಅಳತೆ ಬೇಕು, ಎಲ್ಲವೂ ಆಕ್ಸಲ್‌ನಿಂದ ಮಡ್‌ಗಾರ್ಡಿನ ಅದೇ ಗುರುತಿಗೆ. ಚಕ್ರ ಗಾಳಿಯಲ್ಲಿದ್ದಾಗ ಒಂದು, ಬೈಕ್ ತನ್ನ ಭಾರಕ್ಕೆ ನಿಂತಾಗ ಎರಡು, ನೀವು ಪೂರ್ತಿ ಗೇರ್ ತೊಟ್ಟು ಕೂತು ಇಬ್ಬರು ಹಿಡಿದುಕೊಂಡಾಗ ಮೂರು. ಸೀಲುಗಳ ಘರ್ಷಣೆಯಿಂದ ಬೈಕ್ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಎರಡನೆಯದನ್ನೂ ಮೂರನೆಯದನ್ನೂ ಒಮ್ಮೆ ಅದುಮಿ ಬಿಟ್ಟು, ಒಮ್ಮೆ ಎತ್ತಿ ಬಿಟ್ಟು ಅಳೆದು ಸರಾಸರಿ ತೆಗೆಯಿರಿ.

ಸವಾರ ಕೂತಾಗಿನ ಕುಸಿತ ಚಕ್ರದ ಒಟ್ಟು ಚಲನೆಯ ಸುಮಾರು ಶೇ 30 ಇರಬೇಕು. ಹಿಮಾಲಯನ್ 411ರ ಹಿಂದಿನ ಚಲನೆ 180 ಮಿ.ಮೀ., ಅಂದರೆ 54. 2025ಕ್ಕಿಂತ ಹಿಂದಿನ ಕೆಟಿಎಂ 390 ಅಡ್ವೆಂಚರ್‌ನ 177ಕ್ಕೆ 53, ಎಕ್ಸ್‌ಪಲ್ಸ್ 200ರ 170ಕ್ಕೆ 51. ಬೈಕ್ ತಾನೇ ನಿಂತಾಗಿನ ಕುಸಿತ 10ರಿಂದ 20 ಮಿ.ಮೀ.

ಒಂದು ಉದಾಹರಣೆ. ಗಾಳಿಯಲ್ಲಿ 620, ಸವಾರ ಕೂತಾಗ 550 ಎನ್ನಿ. ಕುಸಿತ 70, ಅಂದರೆ ಬೇಕಾದ 54ಕ್ಕಿಂತ 16 ಹೆಚ್ಚು. ಪ್ರೀಲೋಡ್ ಉಂಗುರದ ಥ್ರೆಡ್ ಸುತ್ತಿಗೆ 1.5 ಮಿ.ಮೀ. ಇದ್ದು, ಶಾಕ್ ಒಂದು ಮಿ.ಮೀ. ಚಲಿಸಿದರೆ ಚಕ್ರ 2.5 ಚಲಿಸುವ ಬೈಕಾದರೆ, ಒಂದು ಸುತ್ತಿಗೆ ಚಕ್ರದ ಬಳಿ ಸುಮಾರು 3.75 ಮಿ.ಮೀ. ಬದಲಾವಣೆ. ನಾಲ್ಕು ಸುತ್ತು ಬಿಗಿ ಮಾಡಿ ಮತ್ತೆ ಅಳೆಯಿರಿ. ಉಂಗುರ ತಿರುಗಿಸುವ ಮೊದಲು ಥ್ರೆಡ್ ಬ್ರಷ್‌ನಿಂದ ಉಜ್ಜಿ ಎಣ್ಣೆ ಹಾಕಿ, ಚಕ್ರ ಎತ್ತಿಕೊಳ್ಳಿ. ಅಲ್ಯೂಮಿನಿಯಂ ಥ್ರೆಡ್ಡಿನಲ್ಲಿ ಮರಳು ಸಿಕ್ಕಿದರೆ ಉಂಗುರ ಅಲ್ಲೇ ಕಚ್ಚಿಕೊಳ್ಳುತ್ತದೆ.

ಸವಾರನ ಕುಸಿತ 54ಕ್ಕೆ ಬಂದಿದೆ, ಆದರೆ ಬೈಕ್ ತಾನೇ ನಿಂತಾಗ ಚೂರೂ ಕುಸಿಯುತ್ತಿಲ್ಲ ಎಂದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆದು. ಬೈಕ್ ತಾನೇ 30 ಕುಸಿದರೆ ಸ್ಪ್ರಿಂಗ್ ಅತಿ ಗಟ್ಟಿ. ಎರಡಕ್ಕೂ ಪರಿಹಾರ ಸ್ಪ್ರಿಂಗ್ ಬದಲಾವಣೆಯೇ, ಉಂಗುರ ತಿರುಗಿಸುವುದಲ್ಲ. ಕುಸಿತ ಹೆಚ್ಚಿರುವ ಬೈಕಿನಲ್ಲಿ ಮುಂಭಾಗ ಹಗುರಾಗುತ್ತದೆ. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಹ್ಯಾಂಡಲ್ ತಿರುಗಿಸಿದರೂ ಬೈಕ್ ಹೊರಗಿನ ಅಂಚಿಗೆ ಹೋಗುವುದು ಇದರಿಂದಲೂ ಇರಬಹುದು.

ರೀಬೌಂಡ್ ತಿರುಪನ್ನು (ಅದುಮಿದ ಶಾಕ್ ಮೇಲೇಳುವ ವೇಗ ಹೊಂದಿಸುವುದನ್ನು) ಪೂರ್ತಿ ಮುಚ್ಚಿ, ಅಲ್ಲಿಂದ ಒಟ್ಟು ಕ್ಲಿಕ್ಕುಗಳ ಅರ್ಧದಷ್ಟು ತೆರೆದು ಶುರು ಮಾಡಿ. ಗುಂಡಿ, ಹಂಪ್, ಕಲ್ಲು ಮೂರೂ ಇರುವ ಮೂರ್ನಾಲ್ಕು ಕಿ.ಮೀ. ರಸ್ತೆ ಸಾಕು, ಇದಕ್ಕಾಗಿ ಕೊಡಚಾದ್ರಿಯ ಜೀಪ್ ದಾರಿಗೆ ಹೋಗಬೇಕಿಲ್ಲ. ಹಂಪ್ ದಾಟಿದ ಮೇಲೆ ಸೀಟು ನಿಮ್ಮನ್ನು ಒದೆದಂತಾದರೆ ಎರಡು ಕ್ಲಿಕ್ ಮುಚ್ಚಿ. ಸಾಲು ಗುಂಡಿಗಳಲ್ಲಿ ಬೈಕ್ ಕ್ರಮೇಣ ಕೆಳಕ್ಕೆ ಕೂತು ಗಡುಸಾದರೆ ಎರಡು ಕ್ಲಿಕ್ ತೆರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಹೆಡ್‌ಲೈಟ್ ಎತ್ತರ ಸರಿಪಡಿಸುವುದು ಮರೆಯಬೇಡಿ.

ಆಮೇಲೆ

50 ಕಿ.ಮೀ. ಓಡಿದ ಮೇಲೆ ಪೇಂಟಿನ ಗೆರೆಗಳು ಜರುಗಿವೆಯೇ ನೋಡಿ. 500 ಕಿ.ಮೀ. ಆದ ಮೇಲೆ ಸ್ಯಾಗ್ ಮತ್ತೆ ಅಳೆಯಿರಿ, ಹೊಸ ಸ್ಪ್ರಿಂಗ್ ಸ್ವಲ್ಪ ಕೂತಿರುತ್ತದೆ. ಲಿಂಕೇಜನ್ನು ಮಳೆಗಾಲಕ್ಕೆ ಮೊದಲು ಒಮ್ಮೆ, ದೀಪಾವಳಿ ಹೊತ್ತಿಗೆ ಇನ್ನೊಮ್ಮೆ ಬಿಚ್ಚಿ ಗ್ರೀಸ್ ಮಾಡಿ. ವಾಟರ್ ಸರ್ವಿಸ್‌ಗೆ ಕೊಟ್ಟಾಗ ಪ್ರೆಶರ್ ಗನ್ನನ್ನು ಲಿಂಕೇಜಿನತ್ತ ಹಿಡಿಯಬೇಡಿ ಎಂದು ಎದುರಿಗೇ ನಿಂತು ಹೇಳಿ. ಮಳೆ ಮಾಡದ ಹಾನಿಯನ್ನು ಅದು ಎರಡು ನಿಮಿಷದಲ್ಲಿ ಮಾಡುತ್ತದೆ. ಹಳೆಯ ಲಾರಿ ಟ್ಯೂಬಿನ ತುಂಡನ್ನು ಮಡ್‌ಗಾರ್ಡಿನಿಂದ ಸ್ವಿಂಗ್ ಆರ್ಮ್‌ವರೆಗೆ ಪರದೆಯಂತೆ ಕಟ್ಟಿದರೆ ಶಾಕ್‌ನ ರಾಡಿಗೆ ಬಡಿಯುವ ಕೆಸರು ಬಹಳ ಮಟ್ಟಿಗೆ ನಿಲ್ಲುತ್ತದೆ. ಟೈರಿಗೂ ಚೈನಿಗೂ ತಾಗದಂತೆ ಕಟ್ಟಿ.

ಹಳೆಯ ಶಾಕ್ ಚೆನ್ನಾಗಿದ್ದರೆ ಎಣ್ಣೆ ಬಟ್ಟೆ ಸುತ್ತಿ ಅಟ್ಟದಲ್ಲಿಡಿ, ಹೊಸದನ್ನು ಸರ್ವಿಸ್‌ಗೆ ಕಳಿಸಿದಾಗ ಬೈಕ್ ನಿಲ್ಲುವುದಿಲ್ಲ. ಗುಜರಿಗೆ ಹಾಕುವುದಾದರೆ ಒಳಗೆ ಗ್ಯಾಸ್ ಇದೆ ಎಂದು ಅಂಗಡಿಯವರಿಗೆ ಹೇಳಿಯೇ ಕೊಡಿ. ತಿಳಿಯದೆ ಗ್ಯಾಸ್ ಕಟರ್ ಹಿಡಿದರೆ ಸಿಡಿಯುತ್ತದೆ.